ಬಯಲಿಗಿಟ್ಟ ಪಾದ

ಕಾಲಿನ ಚಿತ್ರ ನನಗೇನೂ ಹೊಸದಲ್ಲ. ಪೂರ್ವ ಆಫ್ರಿಕಾದ ಒಂದು ವೈದ್ಯಕೀಯ ಸಂಶೋಧನಾ ಪತ್ರಿಕೆಗೆ ಮನೆಯಿಂದಲೇ ಬರಹ, ಚಿತ್ರ ಜೋಡಿಸಿ ಪುಟ ಕಟ್ಟುವವಳು ನಾನು. ಗಂಡ ಪ್ರವೀಣ ಊಟದ ಡಬ್ಬಿ ಹಿಡಿದು ಕಂಪನಿ ಗಾಡಿ ಹತ್ತಿದ ಮೇಲೆ, ಕುವೈತಿನ ಅಹ್ಮದಿಯ ಈ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಒಂದು ಕಡೆ ಹುಣ್ಣಿನ ಚಿತ್ರ, ಇನ್ನೊಂದು ಕಡೆ ಅವಲಕ್ಕಿಯ ತಟ್ಟೆ. ನೋಡಿದವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಮದುವೆಗೆ ಮೊದಲು ಇದೇ ಕೆಲಸವನ್ನು ಯುರೋಪಿನ ದೊಡ್ಡ ಪ್ರಕಾಶಕರಿಗೆ ಮಾಡುತ್ತಿದ್ದೆ. ಆ ಪತ್ರಿಕೆಗಳಿಗೆಲ್ಲ ಬೀಗ. ಚಂದಾ ಕಟ್ಟಿದ ವಿಶ್ವವಿದ್ಯಾಲಯಗಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಒಮ್ಮೆ ಮಲಾವಿಯ ಒಬ್ಬ ಮೇಷ್ಟ್ರು, ತಾವು ಬರೆದ ಲೇಖನವೇ ತಮಗೆ ಓದಲು ಸಿಗುತ್ತಿಲ್ಲ, ದಯವಿಟ್ಟು ಒಂದು ಪ್ರತಿ ಕಳಿಸಿ ಎಂದು ನಮಗೆ ಬರೆದಿದ್ದರು. ಕಳಿಸಕೂಡದು ಎಂದ ನಮ್ಮ ಮ್ಯಾನೇಜರ್. ಅವತ್ತು ಹತ್ತಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಈಗಿನ ನಮ್ಮ ಪತ್ರಿಕೆಗೆ ಬೀಗವಿಲ್ಲ. ನೈರೋಬಿಯ ಡೊರೊತಿ ಎಂಬ ನಿವೃತ್ತ ಪ್ರೊಫೆಸರ್ ಅದರ ಸಂಪಾದಕಿ. ಬರೆಯುವವರೂ ದುಡ್ಡು ಕೊಡಬೇಕಿಲ್ಲ, ಓದುವವರೂ ಕೊಡಬೇಕಿಲ್ಲ. ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ಹಂಚಬಹುದು. ಆಫ್ರಿಕಾದವರು ತಮ್ಮ ರೋಗದ ಬಗ್ಗೆ ತಾವೇ ಕಂಡುಕೊಂಡದ್ದನ್ನು ಓದಲು ಇನ್ನೊಬ್ಬರ ಬಾಗಿಲು ಕಾಯಬಾರದು ಎಂಬುದು ಡೊರೊತಿಯ ಹಟ. ನನ್ನದೂ ಅದೇ.

ಅಂಥ ನನಗೆ ಆ ದಿನ ಬಂದ ಒಂದು ಲೇಖನ ತೆರೆದಾಗ ಕೈ ನಿಂತುಬಿಟ್ಟಿತು. ಬಲಗಾಲಿನ ಎರಡು ಚಿತ್ರ. ಮೊದಲನೆಯದರಲ್ಲಿ ಪಾದ ಉಬ್ಬಿದೆ, ಗಿಣ್ಣಿನ ಮೇಲೆ ಬೆಳ್ಳಿಯ ಕಡಗವಿದೆ. ಕಡಗದ ತುದಿಗೆ ಹಾವಿನ ಹೆಡೆ. ಎರಡನೆಯದರಲ್ಲಿ ಕಡಗವನ್ನು ಕತ್ತರಿಸಿ ತೆಗೆದಿದ್ದಾರೆ. ಅದು ಕೂತಿದ್ದ ಜಾಗದಲ್ಲಿ ಸಾಲಾಗಿ ಸಣ್ಣ ಸಣ್ಣ ಹುಣ್ಣಿನ ಬಾಯಿ, ಅವುಗಳಿಂದ ಹೊರಬರುತ್ತಿರುವ ರಾಗಿಗಿಂತ ಸಣ್ಣ ಕಪ್ಪು ಕಾಳುಗಳು. ರೋಗಿಯ ವಿವರದಲ್ಲಿ ಇದ್ದದ್ದು ಇಷ್ಟೇ: ಗಂಡಸು, ಐವತ್ತರ ಹತ್ತಿರ, ದಕ್ಷಿಣ ಭಾರತದವನು, ಕುವೈತಿನಲ್ಲಿ ವೆಲ್ಡರ್. ಮುಖವಿಲ್ಲ, ಹೆಸರಿಲ್ಲ, ರೋಗಿಯ ಒಪ್ಪಿಗೆಯಿದೆ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು. ಆದರೆ ಆ ಕಾಲು ಯಾರದೆಂದು ನನಗೆ ಗೊತ್ತಿತ್ತು. ಅದು ಬಾಳಪ್ಪಣ್ಣನ ಕಾಲು.

ಬಾಳಪ್ಪಣ್ಣ ಬಾದಾಮಿ ಕಡೆಯವನು, ಇಲ್ಲಿನ ಅರ್ದಿಯಾದ ಒಂದು ವರ್ಕ್‌ಶಾಪಿನಲ್ಲಿ ಬಹಳ ವರ್ಷದಿಂದ ವೆಲ್ಡರ್. ಕುವೈತಿನಲ್ಲಿರುವ ನಮ್ಮ ಕಡೆಯ ಹೆಂಗಸರು ಜೋಳದ ರೊಟ್ಟಿ ಬಡಿಯುವುದು ಅವನು ಮಾಡಿಕೊಟ್ಟ ಹಂಚಿನ ಮೇಲೆ. ಕನ್ನಡ ಕೂಟದ ಗಣಪತಿಯ ಮಂಟಪ ಪ್ರತಿ ವರ್ಷ ಅವನೇ ಕಟ್ಟುತ್ತಾನೆ. ಮಂಟಪ ಕಟ್ಟುವಾಗ ಬೂಟು ಕಳಚುತ್ತಾನಲ್ಲ, ಆಗ ಕಾಣುವ ಆ ಕಡಗದ ಕತೆಯನ್ನು ನಾವೆಲ್ಲ ಕೇಳಿದ್ದೆವು. ಅಣ್ಣನೊಬ್ಬ ಹುಟ್ಟಿದ ಮೇಲೆ, ಇವನಿಗಿಂತ ಮುಂಚೆ ಬಂದ ಎರಡು ಕೂಸು ದಕ್ಕಲಿಲ್ಲವಂತೆ. ಇದೊಂದು ಉಳಿದರೆ ಕಾಲಿಗೆ ಬೆಳ್ಳಿ ಕಡಗ ಹಾಕುತ್ತೇನೆ, ಜೀವ ಇರುವ ತನಕ ತೆಗೆಯುವುದಿಲ್ಲ ಎಂದು ಅವ್ವ ಊರ ದೇವಿಗೆ ಹರಕೆ ಹೊತ್ತಳು. ಕಾಲು ಬೆಳೆದ ಹಾಗೆ ಊರ ಅಕ್ಕಸಾಲಿಗ ಪತ್ತಾರ ಅದನ್ನು ಹಿಗ್ಗಿಸಿ ಬೆಸೆಯುತ್ತ ಬಂದ. ಹೆಡೆ ಕೂಡ ಆ ಪತ್ತಾರನ ಕೈಕೆಲಸವೇ.

ಲೇಖನ ಬರೆದವರು ಸುಡಾನಿನ ಡಾಕ್ಟರ್ ಮುಹಮ್ಮದ್. ಅಲ್ಲಿನ ಗೆಜೀರಾ ಸೀಮೆಯ ಆಸ್ಪತ್ರೆಯೊಂದರಲ್ಲಿ ಈ ಒಂದೇ ರೋಗದ ಹಿಂದೆ ಬಿದ್ದು ಕೂದಲು ಬೆಳ್ಳಗೆ ಮಾಡಿಕೊಂಡವರು. ಮುಳ್ಳು ಚುಚ್ಚಿದಾಗ ಮಣ್ಣಿನಿಂದ ಒಳಹೋಗುವ ಬೂಷ್ಟು ವರ್ಷಗಟ್ಟಲೆ ಮೆಲ್ಲಗೆ ಪಾದವನ್ನು ತಿನ್ನುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ರೋಗ ಅದು. ಯುದ್ಧ ಬಂದು ಆಸ್ಪತ್ರೆ ಸುಟ್ಟಾಗ ಅವರ ಅಷ್ಟೂ ವರ್ಷದ ದಾಖಲೆ ಬೂದಿಯಾಯಿತು. ಈಗ ಇಲ್ಲಿ ಕುವೈತಿನ ಜಲೀಬಿನ ಒಂದು ಕ್ಲಿನಿಕ್ಕಿನಲ್ಲಿ ಕೆಮ್ಮು, ನೆಗಡಿ ನೋಡುತ್ತಾರೆ. ಬಾಳಪ್ಪಣ್ಣ ಅವರ ಬಳಿ ಹೋದದ್ದು ಕೂಡ ಕೆಮ್ಮಿಗೇ. ಕುಂಟುವುದನ್ನು ಕಂಡು ಅವರು ಬೂಟು ಬಿಚ್ಚಿಸಿದರು.

ಅದಕ್ಕೂ ಮೊದಲು ಇನ್ನೊಂದು ಕಡೆ ಅವನಿಗೆ ಒಂದು ಆಪರೇಷನ್ ಆಗಿತ್ತು. ಕಡಗ ಹರಕೆಯದೆಂದು ಬಾಳಪ್ಪಣ್ಣ ಮುಟ್ಟಗೊಡಲಿಲ್ಲ. ಆ ಡಾಕ್ಟರೂ ಯಾಕೆ ಸುಮ್ಮನೆ ಎಂದು ಅದನ್ನು ಇದ್ದಲ್ಲೇ ಬಿಟ್ಟು ಅಂಗಾಲಷ್ಟನ್ನೇ ಕೊಯ್ದರು. ಕಡಗದ ಅಡಿಯಲ್ಲಿ ಕೂತಿದ್ದ ರೋಗ ಅಲ್ಲೇ ಉಳಿದು ಮತ್ತೆ ಕೆಳಗಿಳಿಯಿತು. ಗೆಜೀರಾದ ರೈತರೂ ಹೀಗೆಯೇ, ಕಾಲಿಗೆ ಚರ್ಮದ ತಾಯಿತ ಕಟ್ಟಿಕೊಳ್ಳುತ್ತಾರೆ. ಮರ್ಯಾದೆಗೆ ಅಂಜಿ ಡಾಕ್ಟರುಗಳು ಅದನ್ನು ಬಿಚ್ಚಿಸುವುದಿಲ್ಲ. ತಾಯಿತ ಬಿಚ್ಚಿಸಿ, ಕಡಗ ತೆಗೆಸಿ, ಅದರಡಿಗೆ ನೋಡಿರಿ ಎಂಬುದೇ ಇಡೀ ಲೇಖನದ ಸಾರ. ಡಾಕ್ಟರ್ ಮುಹಮ್ಮದರ ಮಾತು ಕೇಳಿ ಬಾಳಪ್ಪಣ್ಣ ತನ್ನ ವರ್ಕ್‌ಶಾಪಿನಲ್ಲಿ ತಾನೇ ಹ್ಯಾಕ್ಸಾ ಬ್ಲೇಡು ಹಿಡಿದು ಕಡಗ ಕೊಯ್ದುಕೊಂಡನಂತೆ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ, ಮತ್ತೊಂದು ಆಪರೇಷನ್. ಕಾಲು ಉಳಿಯಿತು.

ಒಪ್ಪಿಗೆ ಇದೆಯಲ್ಲ, ಪುಟ ಕಟ್ಟಿ ಕಳಿಸಿಬಿಡು ಎಂದಿತು ಒಂದು ಮನಸ್ಸು. ಆದರೆ ಗುರುತಿನ ಮನುಷ್ಯನ ಕಾಲು ಅದು. ಕೇಳದೆ ಕಳಿಸಲು ಮನಸ್ಸಾಗಲಿಲ್ಲ. ಶುಕ್ರವಾರ ಬಾಳಪ್ಪಣ್ಣನನ್ನು ಮನೆಗೆ ಕರೆದೆ.

"ಹಂಚು ಏನರ ಸೀಳೇತೇನ್ರಿ ಅಕ್ಕಾರ?" ಎನ್ನುತ್ತಲೇ ಒಳಗೆ ಬಂದ.

"ಹಂಚು ಗಟ್ಟಿ ಅದ. ನೀವು ಕೂಡ್ರಿ," ಎಂದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ.

ನೋಡಿದವನೇ ಬಲಗಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡ. "ಇದು ನಿಮ್ಮ ಕಡೆ ಹೆಂಗ ಬಂತ್ರಿ?"

"ಡಾಕ್ಟರ್ ಬರದದ್ದು ಪತ್ರಿಕ್ಯಾಗ ಹಾಕಾಕಿ ನಾನ. ನೀವು ಹೂಂ ಅಂದೀರಂತಲ್ಲ?"

"ಅಂದೀನ್ರಿ. ಫೋಟೋ ಹಾಕ್ಲೇನು ಅಂತ ಡಾಕ್ಟರ್ ಕೇಳಿದ್ರು. ಯಾವ ದೇಶದ ಪುಸ್ತಕ ಅಂದೆ. ಆಫ್ರಿಕಾದ್ದು ಅಂದ್ರು. ಹಂಗಾರ ಹಾಕ್ರಿ ಅಂದೆ. ಆಫ್ರಿಕಾದ ಪುಸ್ತಕ ನಮ್ಮ ಮಂದಿ ಯಾರು ಓದ್ತಾರ್ರಿ?"

ಯುರೋಪಿನ ಪ್ರಕಾಶಕರ ಕಚೇರಿಗಳಲ್ಲಿ ಇದೇ ಮಾತನ್ನು ಸೂಟು ಹಾಕಿದವರ ಬಾಯಲ್ಲಿ ಕೇಳಿ ಕೇಳಿ ನನ್ನ ಮೈ ಉರಿದಿತ್ತು. ಈಗ ಅದೇ ಮಾತು ಬಾಳಪ್ಪಣ್ಣನ ಬಾಯಲ್ಲಿ. ಯಾರೂ ಓದುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಪಾಪ ಅವನು ಕಾಲು ಕೊಟ್ಟಿದ್ದ.

ಫೋನ್ ತೆಗೆದು ನಮ್ಮ ಪತ್ರಿಕೆಯ ಹಳೆಯ ಲೇಖನವೊಂದನ್ನು ಹುಡುಕಿ ತೋರಿಸಿದೆ. ಬೆರಳು ಒತ್ತಿದ ಕೂಡಲೇ ಚಿತ್ರಸಮೇತ ತೆರೆದುಕೊಂಡಿತು. "ಇದು ಬಾದಾಮಿ ಬಸ್ ಸ್ಟ್ಯಾಂಡಿನ್ಯಾಗ ಕೂತು ಒತ್ತಿದ್ರೂ ಹಿಂಗ ತೆರೀತದ."

"ರೊಕ್ಕಾ ಕೊಡದನ?"

"ರೊಕ್ಕಾ ಕೊಡದನ. ಯಾರ ಬೇಕಾದ್ರೂ ಓದಬಹುದು."

"ಆಮ್ಯಾಲ ಬ್ಯಾಡ ಅನಿಸಿದ್ರ ತಗಿಯಾಕ ಬರತೈತೇನ್ರಿ?"

"ಬರೂದಿಲ್ಲ ಬಾಳಪ್ಪಣ್ಣ. ಒಮ್ಮೆ ಬಯಲಿಗೆ ಬಂತಂದ್ರ ಬಂತು. ಯಾರ್ಯಾರೋ ಇಳಿಸಿಕೊಂಡಿರ್ತಾರ."

ಅವನು ಫೋನನ್ನು ನನ್ನ ಕಡೆ ಸರಿಸಿದ. ಆಮೇಲೆ ಒಂದೊಂದಾಗಿ ಹೇಳಿದ. ಮಗಳು ಸಾಕ್ಷಿಗೆ ಕೆರೂರಿನ ಒಂದು ಮನೆತನ ಕೂಡಿ ಬಂದಿದೆ. ಹುಡುಗ ಹೈಸ್ಕೂಲಿನ ಮೇಷ್ಟ್ರು, ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದಾರೆ, ಮಾತುಕತೆ ಮುಗಿಯುವುದಷ್ಟೇ ಬಾಕಿ. ಹೆಂಡತಿ ಅನ್ನಪೂರ್ಣೆವ್ವನಿಗೂ ಕಾಲಿನ ವಿಷಯ ಗೊತ್ತಿಲ್ಲ, ಬೂಟು ಕಚ್ಚಿದ ಗಾಯ ಎಂದು ಹೇಳಿದ್ದಾನೆ.

"ಆ ಹೆಡಿ ಕಡಗ ನಮ್ಮ ಸೀಮ್ಯಾಗ ಯಾರು ನೋಡಿದ್ರೂ ಗುರ್ತು ಹಿಡೀತಾರ್ರಿ. ಹಿಂಗ ಕಾಲು ಕೊಳತದ್ದು ನೋಡಿದ್ರ ದೊಡ್ಡರೋಗ ಅಂತಾರ. ಆ ಮನಿ ಹೆಣ್ಣು ಬ್ಯಾಡ ಅಂತಾರ. ತಗದ ಬಿಡ್ರಿ ಅಕ್ಕಾರ, ಕೈ ಮುಗಿತೀನಿ."

ದೊಡ್ಡರೋಗವೆಂದರೆ ಕುಷ್ಠ. ಇದು ಕುಷ್ಠವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಆದರೆ ಕೆರೂರಿನ ಬೀಗರ ಪಡಸಾಲೆಯಲ್ಲಿ ಅದನ್ನೆಲ್ಲ ಹೇಳುವವರು ಯಾರು? ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಸಂಜೆ ಪ್ರವೀಣನಿಗೆ ಹೇಳಿದಾಗ, ಅವನದು ಇಂಜಿನಿಯರ್ ಬುದ್ಧಿ, "ಕಡಗದಷ್ಟ ಕ್ರಾಪ್ ಮಾಡು, ಖಲಾಸ್," ಎಂದ.

"ಕಡಗ ತಗದ್ರ ಲೇಖನದಾಗ ಉಳಿಯೂದೇನು? ಅದರ ಅಡಿಗ ನೋಡ್ರಿ ಅನ್ನೂದ ಅದರ ವಿಷಯ," ಎಂದು ಅವನ ಮೇಲೆ ಹರಿಹಾಯ್ದೆ. ಅವನ ತಪ್ಪೇನೂ ಇರಲಿಲ್ಲ. ಸಿಟ್ಟಿಗೆ ಯಾರಾದರೂ ಬೇಕಿತ್ತು.

ಡೊರೊತಿಗೂ ಬರೆದೆ. ರೋಗಿಯ ಮಾತೇ ಕೊನೆಯ ಮಾತು, ಆದರೆ ಆ ಎರಡು ಚಿತ್ರ ಇಲ್ಲದಿದ್ದರೆ ಲೇಖನ ನಿಲ್ಲುವುದಿಲ್ಲ, ಪರಿಶೀಲಿಸಿದ ತಜ್ಞರು ಒಪ್ಪಿದ್ದೇ ಅವುಗಳಿಂದ ಎಂದು ಉತ್ತರ ಬಂತು. ಡಾಕ್ಟರ್ ಮುಹಮ್ಮದರ ಹಳೆಯ ರೋಗಿಗಳ ಚಿತ್ರಗಳೆಲ್ಲ ಆಸ್ಪತ್ರೆಯ ಜೊತೆಗೇ ಸುಟ್ಟುಹೋಗಿದ್ದವು. ಕಡಗದ ಮೊದಲು, ಕಡಗದ ನಂತರ ಎಂದು ಜೋಡಿಯಾಗಿ ಉಳಿದದ್ದು ಬಾಳಪ್ಪಣ್ಣನ ಕಾಲೊಂದೇ.

ಮುಂದಿನ ಶುಕ್ರವಾರ ಇಬ್ಬರನ್ನೂ ಕರೆದೆ. ಡಾಕ್ಟರ್ ಮುಹಮ್ಮದ್ ಎತ್ತರದ ಮನುಷ್ಯ, ಮಾತು ಮೆಲ್ಲಗೆ. ನನ್ನೊಡನೆ ಇಂಗ್ಲಿಷಿನಲ್ಲಿ, ಬಾಳಪ್ಪಣ್ಣನೊಡನೆ ಅರಬ್ಬಿಯಲ್ಲಿ ಮಾತಾಡುತ್ತಿದ್ದರು. ಬಾಳಪ್ಪಣ್ಣನ ವರ್ಕ್‌ಶಾಪ್ ಅರಬ್ಬಿ ಎಡವಿದ ಕಡೆ ನಾನು ನಡುವೆ ಬರುತ್ತಿದ್ದೆ. ಮದುವೆಯ ವಿಷಯ ಕೇಳಿದ ಡಾಕ್ಟರ್ ಚಹಾದ ಕಪ್ಪು ಕೆಳಗಿಟ್ಟರು.

"ಹಾಗಾದರೆ ಬೇಡ," ಎಂದರು. "ಯಾರು ಯಾರು ನೋಡುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಕ್ಷಮಿಸು."

ಅವರು ಒತ್ತಾಯ ಮಾಡುತ್ತಾರೆ ಎಂದುಕೊಂಡು ಬಾಳಪ್ಪಣ್ಣ ಬಿಗಿಯಾಗಿ ಕೂತಿದ್ದ. ಕ್ಷಮೆ ಕೇಳಿದ್ದನ್ನು ಕಂಡು ಗಲಿಬಿಲಿಗೊಂಡ. ನನಗೋ ಕೋಪ ಬಂತು. "ಇಷ್ಟು ಸುಲಭವಾಗಿ ಬಿಡುವುದಾದರೆ ಬರೆದದ್ದು ಯಾಕೆ?" ಎಂದು ಕೇಳಿಯೇಬಿಟ್ಟೆ.

"ಕಾಲು ಅವನದು, ಮಗಳು ಅವನವಳು. ನನ್ನದು ಬರೀ ಬರವಣಿಗೆ," ಎಂದರು ಡಾಕ್ಟರ್. ಧ್ವನಿ ಏರಲಿಲ್ಲ. ಆದರೆ ತಾವು ತಂದಿದ್ದ ಲೇಖನದ ಪ್ರತಿಯನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದ್ದನ್ನು ನಾನು ನೋಡಿದೆ.

ಬಾಳಪ್ಪಣ್ಣನೂ ನೋಡಿರಬೇಕು. "ಇದನ್ನ ಯಾರು ಓದೂವರಿದ್ರು?" ಎಂದು ಕೇಳಿದ.

ಡಾಕ್ಟರ್ ಹೇಳಿದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಸುಡಾನಿನಲ್ಲೇ ಉಳಿದಿದ್ದಾಳೆ. ಮನೆಮಠ ಬಿಟ್ಟು ಬಂದವರನ್ನು ಒಂದು ಶಾಲೆಯ ಕಟ್ಟಡದಲ್ಲಿ ಇಟ್ಟಿದ್ದಾರೆ, ಅದೇ ಅವಳ ಆಸ್ಪತ್ರೆ. ಪುಸ್ತಕವಿಲ್ಲ, ಗ್ರಂಥಾಲಯವಿಲ್ಲ, ಇರುವುದು ಒಂದು ಫೋನ್. ದುಡ್ಡಿಲ್ಲದೆ ತೆರೆಯುವುದನ್ನು ಮಾತ್ರ ಅವಳು ಓದಬಲ್ಲಳು. ಕೊಯ್ದ ಮೇಲೂ ರೋಗ ಯಾಕೆ ಮರಳುತ್ತದೆ ಎಂದು ಅವಳು ಕೇಳಿದ್ದಕ್ಕೇ ಇವರು ಬರೆಯಲು ಕೂತದ್ದು. "ಅವಳಿಗೆ ನಾನು ಬಾಯಲ್ಲಿ ಹೇಳಿದ್ದೇನೆ. ಅವಳಂಥವರು ಇನ್ನೂ ಎಷ್ಟು ಕಡೆ ಇದ್ದಾರೋ, ಅವರಿಗೆಲ್ಲ ಹೇಳಲು ನನ್ನ ಬಳಿ ಬೇರೆ ದಾರಿಯಿಲ್ಲ."

ತಮ್ಮ ಫೋನಿನಲ್ಲಿ ಹೇಗೋ ಉಳಿದುಕೊಂಡಿದ್ದ ನಾಲ್ಕಾರು ಚಿತ್ರಗಳನ್ನು ಅವರು ಬಾಳಪ್ಪಣ್ಣನಿಗೆ ತೋರಿಸಿದರು. ಪಾದಗಳ ಹಿಂದೆ ಜೋಳದ ಹೊಲ ಕಾಣುತ್ತಿತ್ತು. "ನಮ್ಮ ಬಿಳಿ ಜ್ವಾಳ ಇದ್ದಂಗ ಐತ್ರಿ," ಎಂದ ಬಾಳಪ್ಪಣ್ಣ. ಆಮೇಲೆ ಒಂದು ಚಿತ್ರದ ಮೇಲೆ ಬೆರಳಿಟ್ಟ. ಹುಡುಗನೊಬ್ಬ ಆಡುಗಳ ನಡುವೆ, ಮನೆಯಿಂದ ದೂರ ಚಾಪೆಯ ಮೇಲೆ ಕೂತಿದ್ದ. "ಇಂವನ್ನ ಯಾಕ ಹೊರಗ ಕೂಡ್ಸ್ಯಾರ?"

"ವಾಸನೆ ಅಂತ," ಎಂದರು ಡಾಕ್ಟರ್.

ಬಾಳಪ್ಪಣ್ಣನ ಕಣ್ಣು ತುಂಬಿ ಬಂತು. ಅರಬ್ಬಿ ಬಿಟ್ಟು ನನ್ನ ಕಡೆ ತಿರುಗಿದ.

"ನಮ್ಮ ಅಣ್ಣ ಫಕೀರಪ್ಪಗೂ ಇದ ಆಗಿತ್ತ್ರಿ ಅಕ್ಕಾರ. ದನದ ಕೊಟಗ್ಯಾಗ ಇಟ್ಟಿದ್ರು. ಅವ್ವ ಬಾಗಲದಾಗಿಂದ ತಾಟು ಸರಸ್ತಿದ್ಲು. ಊರಿಗೆ ಗೊತ್ತಾದ್ರ ಮನಿತನ ಹೋಗತೈತಿ ಅಂತ ಅಪ್ಪ ಏನ್ ಮಾಡಿದ, ಹುಡುಗ ಶ್ರೀಶೈಲಕ್ಕ ಹೋದಾಂವ ಅಲ್ಲೇ ಉಳದಾನ ಅಂತ ಎಲ್ಲಾರಿಗೂ ಹೇಳಿದ. ಅಂವ ಸತ್ತಾಗ ಅಪ್ಪ, ನಾನು ಇಬ್ಬರ ಕೂಡಿ ಹೊಲದಾಗ ಮಣ್ಣು ಮಾಡಿದಿವಿ. ನಾ ಆಗ ಸಾಲಿಗಿ ಹೋಗಾಂವ. ಊರಿನ ಲೆಕ್ಕದಾಗ ನಮ್ಮಣ್ಣ ಇನ್ನೂ ಶ್ರೀಶೈಲದಾಗನ ಅದಾನ್ರಿ."

ನಾನು ಅದನ್ನು ಹಾಗೆಯೇ ಡಾಕ್ಟರಿಗೆ ಹೇಳಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಬಾಳಪ್ಪಣ್ಣನ ಮೊಣಕಾಲ ಮೇಲೆ ಕೈಯಿಟ್ಟು ಕೂತರು.

"ಸಾಕ್ಷಿ ಮದಿವಿ ಒಂದು ಆಗಿಬಿಡ್ಲಿ. ಆಮ್ಯಾಲ ಹಾಕ್ರಿ," ಎಂದ ಬಾಳಪ್ಪಣ್ಣ ಕಡೆಗೆ.

ಡಾಕ್ಟರಿಗೆ ಅದು ಸಾಕಿತ್ತು, ತಲೆಯಾಡಿಸಿದರು. ನಾನಾದರೂ ಸುಮ್ಮನಿರಬಹುದಿತ್ತು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಮದುವಿ ಆದಮ್ಯಾಲ ಅವರು ನೋಡಿದ್ರ? ಅವಾಗ ಸಾಕ್ಷಿ ಅವರ ಮನ್ಯಾಗ ಇರ್ತಾಳ. ಮುಚ್ಚಿಟ್ಟು ಕೊಟ್ರಿ ಅಂತ ಆಕಿನ್ನ ಅಂತಾರ, ನಿಮ್ಮನ್ನಲ್ಲ," ಎಂದೆ.

ಬಾಳಪ್ಪಣ್ಣ ಎದ್ದ. ಚಹಾ ಹಾಗೇ ಉಳಿಯಿತು. ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಳ್ಳುವಾಗ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮತ್ತೆ ಅವನು ಬಂದದ್ದು ಎರಡು ವಾರ ಬಿಟ್ಟು. "ರೂಮಿನ್ಯಾಗ ಮಂದಿ ಭಾಳ. ಇಲ್ಲಿಂದ ಮನಿಗೆ ಫೋನ್ ಮಾಡ್ಲೇನ್ರಿ?" ಎಂದ. ನಾನು ಒಳಗೆ ಹೋಗಲು ಹೊರಟರೆ, ಇಲ್ಲೇ ಇರಿ ಎಂದು ಕೈ ಮಾಡಿದ.

ವಿಡಿಯೋದಲ್ಲಿ ಅನ್ನಪೂರ್ಣೆವ್ವ ಕಂಡಳು. ಬಾಳಪ್ಪಣ್ಣ ಸುತ್ತುಬಳಸಿನ ಮಾತು ಆಡಲಿಲ್ಲ. ಕಾಲುಚೀಲ ತೆಗೆದ, ಫೋನನ್ನು ಕಾಲಿನ ಕಡೆ ಹಿಡಿದ. ಹೊಲಿಗೆಯ ಗುರುತು, ತಗ್ಗು ಬಿದ್ದ ಅಂಗಾಲು, ಬೋಳಾದ ಗಿಣ್ಣು.

"ಕಡಗ ಎಲ್ಲಿ?" ಅನ್ನಪೂರ್ಣೆವ್ವ ಕೇಳಿದ ಮೊದಲ ಮಾತು ಅದು. ಗಾಯ ಅವಳಿಗೆ ಕಾಣಲೇ ಇಲ್ಲ.

"ನಾನ ಕೊಯ್ದೆ."

"ಅತ್ತಿ ಹರಕಿ ಅದು. ನಿನ್ನ ಜೀವಕ್ಕ ಹಾಕಿದ್ದು. ಕೈಯರ ಹೆಂಗ ಬಂತು ನಿನಗ?" ಅವಳು ಅಳತೊಡಗಿದಳು.

"ಅದು ಇದ್ದಿದ್ರ ಕಾಲ ಹೋಗ್ತಿತ್ತು ಅನ್ನಪೂರ್ಣಿ," ಎಂದು ಬಾಳಪ್ಪಣ್ಣ ಎಲ್ಲವನ್ನೂ ಹೇಳಿದ. ರೋಗ, ಡಾಕ್ಟರ್, ಆಫ್ರಿಕಾದ ಪತ್ರಿಕೆ, ಫೋಟೋ. ಅಣ್ಣನ ವಿಷಯವನ್ನೂ ಹೇಳಿದ. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಭಾವ ಶ್ರೀಶೈಲದಲ್ಲಿದ್ದಾನೆ ಎಂದೇ ಗೊತ್ತಿತ್ತು. ಅವಳು ಫೋನನ್ನು ಹಾಸಿಗೆಯ ಮೇಲೆ ಎಸೆದಿರಬೇಕು, ಪರದೆಯ ತುಂಬ ಮಾಳಿಗೆಯ ಜಂತಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಸಾಕ್ಷಿಯ ಮುಖ ಬಂತು.

"ಎಲ್ಲಾ ಕೇಳಿಸ್ಕೊಂಡೆ ಅಪ್ಪಾ," ಎಂದಳು. "ಕೆರೂರಿನವರಿಗೆ ಮೊದ್ಲ ಹೇಳು. ಆಮ್ಯಾಲ ಹಾಕ್ಸು."

"ಬ್ಯಾಡ ಅಂದ್ರ?"

"ಈಗ ಬ್ಯಾಡ ಅಂದ್ರ ನಾ ನಮ್ಮ ಮನ್ಯಾಗ ಇರ್ತೀನಿ. ಆಮ್ಯಾಲ ಅಂದ್ರ ಎಲ್ಲಿ ಇರ್ಲಿ?" ಅವಳ ಧ್ವನಿ ಅಲ್ಲಿಯ ತನಕ ಗಟ್ಟಿಯಾಗಿತ್ತು. ಆ ಮಾತು ಮುಗಿದ ಮೇಲೆ ಒಡೆಯಿತು. ಫೋನ್ ಕಟ್ಟಾಯಿತು.

ಕೆರೂರಿನವರಿಗೆ ಬಾಳಪ್ಪಣ್ಣ ತಾನೇ ಹೇಳಿದ. ಅವರು ಕೆಟ್ಟ ಮಾತೇನೂ ಆಡಲಿಲ್ಲವಂತೆ. ಮನೆಯಲ್ಲಿ ಹಿರಿಯರನ್ನು ಕೇಳಿ ಹೇಳುತ್ತೇವೆ ಎಂದರಂತೆ. ಮತ್ತೆ ಅವರ ಫೋನ್ ಬರಲಿಲ್ಲ. ಇವನು ಮಾಡಿದರೆ ಎತ್ತಲಿಲ್ಲ. ಒಂದು ತಿಂಗಳಾಗುವ ಹೊತ್ತಿಗೆ ಹುಡುಗನಿಗೆ ಬೇರೆ ಕಡೆ ನಿಶ್ಚಯವಾದ ಸುದ್ದಿ ಬಂತು.

ಆ ಸುದ್ದಿ ನನಗೆ ಹೇಳಿದ್ದು ಅನ್ನಪೂರ್ಣೆವ್ವ. ಗಂಡನ ಹತ್ತಿರ ನಂಬರು ಇಸಕೊಂಡು ನೇರ ನನಗೇ ಫೋನ್ ಮಾಡಿದಳು. "ನಿಮಗ ನಿಮ್ಮ ಪುಸ್ತಕ ದೊಡ್ಡದ್ರಿ ಬಾಯಾರ. ನಮಗ ನಮ್ಮ ಹುಡುಗಿ ದೊಡ್ಡಾಕಿ. ಯಾವ ದೇಶದಾರಿಗೋ ಒಳ್ಳೇದಾಗ್ಲಿ ಅಂತ ನನ್ನ ಮಗಳ ಬಾಳ್ವಿಗೆ ಕಲ್ಲು ಹಾಕಿದ್ರಿ." ಬೀಗವಿಲ್ಲದ ಜ್ಞಾನ, ಎಲ್ಲರಿಗೂ ತೆರೆದ ಬಾಗಿಲು ಎಂದು ವರ್ಷಗಟ್ಟಲೆ ಎಲ್ಲರ ಮುಂದೆ ಭಾಷಣ ಬಿಗಿದವಳು ನಾನು. ಅವಳು ಬೈದು ಮುಗಿಸುವ ತನಕ ಫೋನ್ ಕಿವಿಗೆ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ. ಅವತ್ತು ಲ್ಯಾಪ್‌ಟಾಪ್ ತೆರೆಯಲಿಲ್ಲ. ರಾತ್ರಿಯ ಅಡುಗೆಯನ್ನೂ ಪ್ರವೀಣನೇ ಮಾಡಿದ.

ಈ ಲೇಖನ ನನ್ನ ಕೈಯಿಂದ ಆಗುವುದಿಲ್ಲ, ಬೇರೆ ಯಾರಿಗಾದರೂ ಕೊಡಿ ಎಂದು ಡೊರೊತಿಗೆ ಬರೆಯಲು ಕೂತ ದಿನವೇ ಬಾಳಪ್ಪಣ್ಣ ಬಂದ. ಸೊರಗಿದ್ದ.

"ಹಾಕ್ರಿ ಅಕ್ಕಾರ," ಎಂದ.

"ಅನ್ನಪೂರ್ಣಕ್ಕ ಒಪ್ಪಿದ್ರೇನು?"

"ಆಕಿ ನನ್ನ ಕೂಡ ಮಾತ ಬಿಟ್ಟಾಳ್ರಿ. ಸಾಕ್ಷಿ ಒಪ್ಯಾಳ." ನೀರು ಕುಡಿದು ಲೋಟ ಕೆಳಗಿಟ್ಟ. "ಹೋಗೂದು ಹೋತು. ಇನ್ನ ಮುಚ್ಚಿ ಇಟ್ಟು ಯಾರನ್ನ ಉಳಸ್ಲಿ? ಆದ್ರ ಒಂದು ಮಾತು. ನನ್ನ ಹೆಸರು ಹಾಕೂದಿಲ್ಲಂತಲ್ಲ, ಬ್ಯಾಡ. ಅಣ್ಣನ ಹೆಸರು ಹಾಕಾಕ ಬರತೈತೇನು?"

ಆ ಹೆಸರು ಬಿದ್ದರೆ ಊರವರಿಗೆ ಕಡಗವೂ ಬೇಕಾಗುವುದಿಲ್ಲ, ಮನೆಯೇ ಗೊತ್ತಾಗುತ್ತದೆ, ವಂಶಕ್ಕೇ ಅಂಟಿದ ರೋಗ ಎನ್ನುತ್ತಾರೆ ಎಂದು ಹೇಳಿದೆ. ಈ ಸಲ ಏನನ್ನೂ ಮುಚ್ಚದೆ, ಯಾರು ಯಾರು ನೋಡಬಹುದು, ಏನೇನು ಆಗಬಹುದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವನು ಕೊನೆಯ ತನಕ ಕೇಳಿದ.

"ಗೊತ್ತೈತ್ರಿ. ಅದಕ್ಕ ಹಾಕ್ರಿ ಅನ್ನಾಕತ್ತೀನಿ," ಎಂದ.

ರೋಗಿಯ ಹೆಸರು ಹಾಕಲು ನಿಯಮ ಬಿಡುವುದಿಲ್ಲ. ಆದರೆ ಬರೆದವರು ತಮ್ಮ ಲೇಖನವನ್ನು ತೀರಿಕೊಂಡ ಯಾರ ನೆನಪಿಗಾದರೂ ಅರ್ಪಿಸಬಹುದು. ಸಾಕ್ಷಿಯ ಜೊತೆಯೂ ಒಮ್ಮೆ ಮಾತಾಡಿ ಎಂದು ಡೊರೊತಿ ಹೇಳಿದರು, ಮಾತಾಡಿದೆ. ಅವಳೂ ಹೂಂ ಎಂದಳು. ಡಾಕ್ಟರ್ ಮುಹಮ್ಮದ್ ತಮ್ಮ ಗುರುಗಳ ಹೆಸರು ಬರೆದುಕೊಂಡಿದ್ದ ಜಾಗದಲ್ಲಿ ಅದನ್ನು ತೆಗೆದು ಹೊಸ ಸಾಲು ಬರೆದು ಕಳಿಸಿದರು.

ಲೇಖನ ಹೊರಬಂದದ್ದು ಒಂದು ಗುರುವಾರ. ಸುಡಾನಿನ ಆ ಶಾಲೆಯಲ್ಲಿದ್ದ ಹಳೆಯ ವಿದ್ಯಾರ್ಥಿನಿ ಅದನ್ನು ಇಳಿಸಿಕೊಂಡು, ತನ್ನ ಜೊತೆಯವರಿಗೂ ಹಂಚಿದಳೆಂದು ಡಾಕ್ಟರ್ ತಿಳಿಸಿದರು. ಮರುದಿನ ಮಧ್ಯಾಹ್ನ ಬಾಳಪ್ಪಣ್ಣ ಬಂದ. ಪ್ರವೀಣ ಕುರ್ಚಿ ಎಳೆದು ಕೊಟ್ಟ. ಕಾಲಿನ ಚಿತ್ರಗಳನ್ನು ಬಾಳಪ್ಪಣ್ಣ ನೋಡಲಿಲ್ಲ. "ಅಣ್ಣಂದು ಎಲ್ಲಿ ಐತ್ರಿ?" ಎಂದ.

ಮೊದಲ ಪುಟದಲ್ಲಿ, ಶೀರ್ಷಿಕೆಯ ಕೆಳಗೆ ಇತ್ತು. ಬೆರಳಿಟ್ಟು ತೋರಿಸಿ ಕನ್ನಡದಲ್ಲಿ ಹೇಳಿದೆ: "ಕರ್ನಾಟಕದ ರೈತರ ಮಗ ಫಕೀರಪ್ಪ ಇದೇ ರೋಗದಿಂದ, ಯಾವ ಚಿಕಿತ್ಸೆಯೂ ಸಿಗದೆ, ತಮ್ಮ ಮನೆಯಲ್ಲೇ ತೀರಿಕೊಂಡರು. ಈ ಬರಹ ಅವರ ನೆನಪಿಗೆ."

"ಇನ್ನೊಮ್ಮೆ ಓದ್ರಿ."

ಓದಿದೆ.

"ತೀರಿಕೊಂಡ್ರು ಅಂತ ಐತಲ್ರಿ?"

"ಹೌದು ಬಾಳಪ್ಪಣ್ಣ. ಹಂಗ ಬರದದ."

ಅವನು ಎದ್ದು ನಿಂತ. ಶರಟಿನ ಮೇಲಿನ ಗುಂಡಿ ಬಿಚ್ಚಿ, ಏನೋ ದೊಡ್ಡದನ್ನು ಬೇಡುವವನ ಹಾಗೆ ನನ್ನನ್ನೂ ಪ್ರವೀಣನನ್ನೂ ನೋಡಿದ. "ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಬಚ್ಚಲದಾಗ ತಲಿಗೆ ನಾಕು ತಂಬಿಗಿ ನೀರು ಹಾಕ್ಕೊಳ್ಲೇನ್ರಿ? ಸಾವಿನ ಸುದ್ದಿ ಕೇಳಿದಮ್ಯಾಲ ಹಂಗ ಇರಬಾರದು. ಅಣ್ಣ ಸತ್ತಾಗ ತಲಿ ತೊಯ್ಸಿದ್ದು ಊರಿಗೆ ಕಾಣತೈತಿ ಅಂತ ಅಪ್ಪ ನಮಗ ಯಾರಿಗೂ ಸ್ನಾನಾ ಮಾಡಗೊಡ್ಲಿಲ್ಲ."

ಪ್ರವೀಣ ಟವೆಲ್ ತಂದುಕೊಟ್ಟು ಬಚ್ಚಲ ಬಾಗಿಲು ತೆಗೆದ. ನಾನು ಒಲೆ ಆರಿಸಿದೆ, ಊಟದ ಹೊತ್ತಾಗಿದ್ದರೂ ಯಾರೂ ತಾಟು ಹಾಕಲಿಲ್ಲ. ಒಳಗಿನಿಂದ ನೀರು ಸುರಿಯುವ ಸದ್ದು ಬಂತು. ಅದರ ನಡುವೆ ಬಾಳಪ್ಪಣ್ಣ ಅಣ್ಣನ ಹೆಸರು ಹಿಡಿದು, ಕೇಳುವವರು ಕೇಳಲಿ ಎಂಬಂತೆ, ಗಟ್ಟಿಯಾಗಿ ಅಳುತ್ತಿದ್ದ.